ವಾರಕ್ಕೆ ಎಂಟು ಗಂಟೆ ಡಯಾಲಿಸಿಸ್, ರಾತ್ರಿಗೆ ಮೂರು ಗಂಟೆ ನಿದ್ದೆ

ನಮ್ಮ ಸೋದರಮಾವನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ತಾಲೂಕು ಆಸ್ಪತ್ರೆಯಲ್ಲಿ ಸಿಕ್ಕಿರುವುದು ಬೆಳಗಿನ ಆರರ ಶಿಫ್ಟ್. ಊರಿಂದ ಮೂವತ್ತು ಕಿಲೋಮೀಟರ್. ಆ ಹೊತ್ತಿಗೆ ಬಸ್ಸಿಲ್ಲ, ನಾಲ್ಕೂವರೆಗೆ ಎದ್ದು ಪಕ್ಕದ ಮನೆಯವರ ಆಟೋ ಹತ್ತಬೇಕು. ಕಳೆದ ತಿಂಗಳು ಅವರ ಮನೆಯಲ್ಲಿ ಉಳಿದಿದ್ದೆ. ಹನ್ನೊಂದಕ್ಕೆ ಮಲಗಿದವರು ಹನ್ನೆರಡಕ್ಕೆ ಎದ್ದು ಹಜಾರದಲ್ಲಿ ಓಡಾಡುತ್ತಿದ್ದರು. "ಕಾಲೊಳಗೆ ಇರುವೆ ಹರಿದಂಗಾಗುತ್ತೆ ಕಣೋ, ನಡೆದರೆ ಸುಮ್ಮನಾಗುತ್ತೆ" ಅಂದರು. ಒಳಗಿಂದ ಅತ್ತೆ, "ಫೋನ್ ನೋಡೋದು ಬಿಡಿ ಅಂದ್ರೆ ಕೇಳಲ್ಲ" ಅಂತ ಗೊಣಗಿದರು.

ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಓದಿದಾಗ ಗೊತ್ತಾಯಿತು, ಆ ಇರುವೆಗೂ ಫೋನಿಗೂ ಸಂಬಂಧ ಕಮ್ಮಿ.

ಅದರ ಹೆಸರು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್. ಕಿಡ್ನಿ ಸೋತವರಲ್ಲಿ ಬಹಳ ಸಾಮಾನ್ಯ, ಕಬ್ಬಿಣಾಂಶ ಕಮ್ಮಿಯಿದ್ದರೆ ಜೋರು, ಸಂಜೆಯಾದ ಮೇಲೆ ಇನ್ನೂ ಜೋರು. ಜೊತೆಗೆ ಮೈ ತುರಿಕೆ, ಅದರ ಕಾಟವೂ ರಾತ್ರಿಯೇ ಹೆಚ್ಚು. ಕತ್ತಲಾದಾಗ ಮೆದುಳು ಬಿಡುವ ಮೆಲಟೋನಿನ್ ಇವರಲ್ಲಿ ಸರಿಯಾಗಿ ಏರುವುದಿಲ್ಲ.

ನನಗೆ ಅತಿ ಆಶ್ಚರ್ಯ ತಂದಿದ್ದು ನೀರಿನ ಕತೆ. ಕಿಡ್ನಿ ಹೊರಹಾಕದ ನೀರು ಹಗಲೆಲ್ಲ ಕಾಲಲ್ಲಿ ಇಳಿದು ನಿಲ್ಲುತ್ತದೆ. ಮಲಗಿದ ತಕ್ಷಣ ಅದೇ ನೀರು ಕುತ್ತಿಗೆಯ ಕಡೆಗೆ ಸರಿಯುತ್ತದೆ. ಗಂಟಲಿನ ಸುತ್ತಲ ಭಾಗ ಊದಿಕೊಂಡು ಉಸಿರಿನ ದಾರಿ ಕಿರಿದಾಗುತ್ತದೆ. ಉಸಿರು ನಿಲ್ಲುತ್ತದೆ, ಮೆದುಳು ಗಾಬರಿಯಾಗಿ ಎಬ್ಬಿಸುತ್ತದೆ, ಮತ್ತೆ ಮಂಪರು, ಮತ್ತೆ ಅದೇ. ಇದು ಸ್ಲೀಪ್ ಆಪ್ನಿಯಾ. ಇಂಥವರು ಮೆಡಿಕಲ್ ಶಾಪಿನಿಂದ ತಾವಾಗಿಯೇ ನಿದ್ದೆ ಮಾತ್ರೆ ತಂದು ನುಂಗುವುದು ಅಪಾಯ. ಯಾಕಂದರೆ ಕೆಲವು ಮಾತ್ರೆಗಳು ಉಸಿರಾಟವನ್ನು ಇನ್ನಷ್ಟು ಕುಗ್ಗಿಸುತ್ತವೆ.

ಇಂಜಿನಿಯರಿಂಗ್ ಓದಿದ ಚಾಳಿ, ಲೆಕ್ಕ ಹಾಕಿದೆ. ವಾರಕ್ಕೆ 168 ಗಂಟೆ. ಆರೋಗ್ಯವಂತರ ಕಿಡ್ನಿ ಅಷ್ಟೂ ಹೊತ್ತು ದುಡಿಯುತ್ತದೆ. ನಾಲ್ಕು ಗಂಟೆಯಂತೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆದರೆ 12 ಗಂಟೆ, ಅಂದರೆ ಶೇ. 7. ಮಾವನಿಗೆ ಸಿಗುವುದು 8 ಗಂಟೆ, ಶೇ. 5 ಕೂಡ ಇಲ್ಲ. ಉಳಿದಷ್ಟೂ ಹೊತ್ತು ನೀರು, ಕಶ್ಮಲ ಒಳಗೇ.

ಈ ಗಂಟೆಗಳನ್ನು ಹೆಚ್ಚಿಸಿದರೆ ಏನಾಗುತ್ತದೆ? ಕೆನಡಾದ ಟೊರಾಂಟೊದಲ್ಲಿ 14 ರೋಗಿಗಳನ್ನು ವಾರಕ್ಕೆ ಮೂರು ಸಲದ ಡಯಾಲಿಸಿಸ್‌ನಿಂದ, ಮನೆಯಲ್ಲೇ ವಾರಕ್ಕೆ ಆರೇಳು ರಾತ್ರಿ ಎಂಟೆಂಟು ಗಂಟೆ ನಡೆಯುವ ಡಯಾಲಿಸಿಸ್‌ಗೆ ಬದಲಿಸಿ ನೋಡಿದರು. ಗಂಟೆಗೆ ಸರಾಸರಿ 25 ಸಲ ಆಗುತ್ತಿದ್ದ ಉಸಿರಿನ ಅಡಚಣೆ 8ಕ್ಕೆ ಇಳಿಯಿತು. 2001ರಲ್ಲೇ ಪ್ರಕಟವಾದ ಫಲಿತಾಂಶ ಇದು. ಸಣ್ಣ ಅಧ್ಯಯನ, ನಿಜ. ಆದರೆ ಅಮೆರಿಕದ ಸ್ಲೀಪ್-ಎಚ್‌ಡಿ ಪ್ರಯೋಗದಲ್ಲಿ ಡಯಾಲಿಸಿಸ್ ರೋಗಿಗಳ ನಿದ್ರಾಹೀನತೆಗೆ ಅಭ್ಯಾಸ ತಿದ್ದುವ ಥೆರಪಿಯಾಗಲಿ, ಟ್ರಾಜೊಡೋನ್ ಮಾತ್ರೆಯಾಗಲಿ ಹುಸಿಮಾತ್ರೆಗಿಂತ ಹೆಚ್ಚು ಉಪಯೋಗಕ್ಕೆ ಬರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಪ್ರತಿ ರಾತ್ರಿ ಮನೆಯಲ್ಲೇ ಯಂತ್ರ ಅನ್ನೋದು ನಮ್ಮೂರಿಗೆ ದೂರದ ಮಾತು, ಒಪ್ಪುತ್ತೇನೆ. ಆದರೆ ವಾರಕ್ಕೆ ಮೂರನೇ ಸರದಿ? ದೂರದ ಊರಿನವರಿಗೆ ಆರು ಗಂಟೆಯ ಬದಲು ಮಧ್ಯಾಹ್ನದ ಶಿಫ್ಟ್? ಹೋಗಿಬರಲು ಒಂದು ವ್ಯಾನ್? 2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂತು, ಬಡವರಿಗೆ ಉಚಿತ ಡಯಾಲಿಸಿಸ್ ಸಿಕ್ಕಿತು. ಅದು ಸಣ್ಣ ಸಾಧನೆಯೇನಲ್ಲ, ಮಾವ ಬದುಕಿರುವುದೇ ಉಚಿತ ಡಯಾಲಿಸಿಸ್‌ನಿಂದ. ಯಂತ್ರ ಎಷ್ಟಿವೆ ಅಂತ ಕೇಳುವ ನಾವು, ಒಬ್ಬೊಬ್ಬರಿಗೆ ಎಷ್ಟು ಗಂಟೆ, ಯಾವ ಹೊತ್ತಿಗೆ ಅಂತಲೂ ನಮ್ಮ ಶಾಸಕರನ್ನು ಕೇಳಬೇಕು.

ಶಿಫ್ಟ್ ಬದಲಿಸಿ ಅಂತ ನಾನೇ ಹೋಗಿ ಕೇಳಿದೆ. ಮಧ್ಯಾಹ್ನದ್ದು ಖಾಲಿಯಾದರೆ ಹೇಳ್ತೀವಿ ಅಂದರು. ಡಯಾಲಿಸಿಸ್ ವಾರ್ಡಿನಲ್ಲಿ ಜಾಗ ಹೇಗೆ ಖಾಲಿಯಾಗುತ್ತೆ ಅಂತ ಮಾವನಿಗೂ ಗೊತ್ತು. ಸದ್ಯಕ್ಕೆ ಕಬ್ಬಿಣಾಂಶದ ರಕ್ತಪರೀಕ್ಷೆ ಬರೆದುಕೊಟ್ಟಿದ್ದಾರೆ. ಗುರುವಾರದ ಆಟೋ ಮತ್ತೆ ನಾಲ್ಕೂವರೆಗೇ.