ದೇವರ ಹೆಸರಲ್ಲೋ, ಸತ್ಯನಿಷ್ಠೆಯಿಂದಲೋ?

'ದೇವರನ್ನೇ ನಂಬದವನಿಗೆ ಓಟು ಹಾಕೋದು ಹೇಗೆ?' ಮೊನ್ನೆ ಚನ್ನರಾಯಪಟ್ಟಣದಲ್ಲಿ ಗೆಳೆಯನೊಬ್ಬ ಕೇಳಿದ.

ಸಂವಿಧಾನ ಈ ಪ್ರಶ್ನೆಯನ್ನ ಯಾವತ್ತೋ ಬಗೆಹರಿಸಿದೆ. ಮೂರನೇ ಅನುಸೂಚಿಯ ಪ್ರಕಾರ ಶಾಸಕರು, ಮಂತ್ರಿಗಳು ದೇವರ ಹೆಸರಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ಎರಡಕ್ಕೂ ಒಂದೇ ಬೆಲೆ. ಪೀಠಿಕೆಯನ್ನ ದೇವರ ಹೆಸರಲ್ಲಿ ಶುರು ಮಾಡೋಣ ಅಂತ ಎಚ್.ವಿ. ಕಾಮತ್ ತಂದ ತಿದ್ದುಪಡಿ 1949ರ ಅಕ್ಟೋಬರ್ 17ರಂದು 41–68 ಮತಗಳಿಂದ ಬಿದ್ದುಹೋಯಿತು.

ಆದರೆ ರಾಜಕಾರಣಿಗಳ ಲೆಕ್ಕವೇ ಬೇರೆ. ಚಾಮರಾಜನಗರಕ್ಕೆ ಹೋದರೆ ಕುರ್ಚಿ ಹೋಗುತ್ತೆ ಅಂತ ಹಲವು ಮುಖ್ಯಮಂತ್ರಿಗಳು ಅತ್ತ ಸುಳಿಯಲಿಲ್ಲ. ಸಿದ್ದರಾಮಯ್ಯ ಹಲವು ಸಲ ಹೋದರು, 2013ರಿಂದ 2018ರವರೆಗೆ ಪೂರ್ತಿ ಅವಧಿ ಆಳಿದರು. ನಾಯಕರ ನಂಬಿಕೆ ಅವರ ಮನೆಯೊಳಗಿದ್ದರೆ ನಮಗೇನೂ ತೊಂದರೆಯಿಲ್ಲ. ಅದು ಆಡಳಿತಕ್ಕೆ ಬಂದಾಗ ನಷ್ಟ ಜನರಿಗೆ.

ನಮ್ಮ ಹೋಬಳಿಯ 13 ಹಳ್ಳಿಗಳ 1,777 ಎಕರೆ ಉಳಿಸಿಕೊಳ್ಳೋಕೆ ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ಭೂಸ್ವಾಧೀನ ಕೈಬಿಡುವುದಾಗಿ ಮುಖ್ಯಮಂತ್ರಿ ಹೇಳಿದ್ದು 2025ರ ಜುಲೈ 15ರಂದು. ಗೆಳೆಯನಿಗೆ ನಾನು ಇದನ್ನೇ ನೆನಪಿಸಿದೆ: ಬಂದ ನಾಯಕರ ಹತ್ತಿರ ರೈತರು ಕೇಳಿದ್ದು ಜಮೀನಿನ ಮಾತು. ಮುಂದಿನ ಸಲ ಓಟು ಕೇಳೋಕೆ ಬಂದವರನ್ನೂ ಅದನ್ನೇ ಕೇಳೋಣ.