ಲಕ್ಷ ಕಿಲೋಮೀಟರ್ ಓಡಿದ ಬ್ಲಾಕ್

1983ರಲ್ಲಿ ಬ್ರೆಜಿಲ್ ದೇಶದ ನೆಲ್ಸನ್ ಪಿಕೆ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದಾಗ, ಆತನ ಬ್ರಾಭಮ್ ಕಾರಿನಲ್ಲಿದ್ದ ಎಂಜಿನ್ ಬ್ಲಾಕ್ ಮೂಲತಃ ಸಾಮಾನ್ಯ ಸಂಸಾರಸ್ಥರ ಕಾರಿಗಾಗಿ ರೂಪುಗೊಂಡದ್ದಾಗಿತ್ತು. 1960ರ ದಶಕದ ಆರಂಭದಲ್ಲಿ ಜರ್ಮನಿಯ ಬಿಎಂಡಬ್ಲ್ಯು ಕಂಪೆನಿ ತನ್ನ 1500 ಕಾರಿಗಾಗಿ ಎರಕ ಹೊಯ್ದ ಬೀಡುಕಬ್ಬಿಣದ ಬ್ಲಾಕ್ ಅದು. ಆ ಕಾರಿನಲ್ಲಿ ಅದು ನೀಡುತ್ತಿದ್ದುದು 80 ಅಶ್ವಶಕ್ತಿ. ಟರ್ಬೊ ಅಳವಡಿಸಿದ ಒಂದೂವರೆ ಲೀಟರಿನ ಪಂದ್ಯದ ಎಂಜಿನ್ನಿನಲ್ಲಿ ಅದೇ ಬ್ಲಾಕ್ ಸುಮಾರು 640 ಅಶ್ವಶಕ್ತಿಯನ್ನು ತಾಳಿಕೊಂಡಿತು.

ಎಂಜಿನ್ ರೂಪಿಸಿದ ಪಾಲ್ ರೋಷೆ ಮತ್ತು ಸಂಗಡಿಗರು ಇದಕ್ಕಾಗಿ ಲಕ್ಷ ಕಿಲೋಮೀಟರ್ ಓಡಿದ ಹಳೆಯ ಕಾರುಗಳ ಬ್ಲಾಕ್‌ಗಳನ್ನು ಆಯ್ದುಕೊಂಡರೆಂಬುದು ಮೋಟಾರು ಲೋಕದಲ್ಲಿ ಪ್ರಸಿದ್ಧ. ಇದಕ್ಕೆ ಗಟ್ಟಿಯಾದ ಕಾರಣವಿದೆ. ಎರಕದ ಲೋಹ ತಣಿಯುವಾಗ ತೆಳುವಾದ ಭಾಗ ಮೊದಲು, ದಪ್ಪನೆಯ ಭಾಗ ಆಮೇಲೆ ಗಟ್ಟಿಯಾಗುತ್ತದೆ. ಈ ಅಸಮತೆಯಿಂದ ಲೋಹದೊಳಗೆ ಬಿಗಿತ ಉಳಿದುಬಿಡುತ್ತದೆ. ಹೊಸ ಬ್ಲಾಕನ್ನು ಕೊರೆದು ಸಿಲಿಂಡರನ್ನು ನಯಗೊಳಿಸಿದರೆ, ಬಿಗಿತ ಸಡಿಲಗೊಳ್ಳುತ್ತಾ ದುಂಡಗಿನ ರಂಧ್ರ ಸ್ವಲ್ಪ ಸೊಟ್ಟಗಾಗುವುದುಂಟು. ಸಾವಿರಾರು ಬಾರಿ ಕಾದು ತಣಿದ ಬ್ಲಾಕಿನಲ್ಲಿ ಆ ಬಿಗಿತ ಬಹುಮಟ್ಟಿಗೆ ಕಳೆದಿರುತ್ತದೆ. ಹಸಿ ಹಲಸಿನ ಮರದಿಂದ ಬಾಗಿಲು ಮಾಡಿದರೆ ತಿರುಚಿಕೊಳ್ಳುತ್ತದೆಂದು ಬಡಗಿಗಳು ಮರವನ್ನು ಒಣಗಲು ಬಿಡುವುದೂ ಇಂಥದೇ ವಿವೇಕದಿಂದ.

ಬಲವಾದ ಬ್ಲಾಕನ್ನು ಆರಿಸುವವರು ಮೊದಲು ಲೋಹವನ್ನು ನೋಡುತ್ತಾರೆ. ಬೀಡುಕಬ್ಬಿಣ ಅಲ್ಯೂಮಿನಿಯಮ್ಮಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ತೂಕದ್ದು. ಆದರೆ ಶಾಖಕ್ಕೆ ಅದರ ಅರ್ಧದಷ್ಟು ಮಾತ್ರ ಹಿಗ್ಗುತ್ತದೆ, ಒತ್ತಡಕ್ಕೆ ಕಡಿಮೆ ಬಾಗುತ್ತದೆ. ಎರಡನೆಯದು ಮೇಲ್ಭಾಗದ ರಚನೆ. ಸಿಲಿಂಡರುಗಳ ಸುತ್ತ ನೀರು ಹರಿಯುವ ಜಾಗ ಮೇಲೆ ತೆರೆದಿದ್ದರೆ ಗೋಡೆಗಳಿಗೆ ಆಸರೆ ಕಡಿಮೆ. ಮುಚ್ಚಿದ್ದರೆ ಅವು ಅಲುಗುವುದಿಲ್ಲ, ಗ್ಯಾಸ್ಕೆಟ್ ಬಾಳುತ್ತದೆ. ಮೂರನೆಯದು ಕ್ರ್ಯಾಂಕ್‌ಶಾಫ್ಟನ್ನು ಹಿಡಿದಿಡುವ ಬೇರಿಂಗ್‌ಗಳು ಮತ್ತು ಅವುಗಳ ಬೋಲ್ಟುಗಳು. ಟೊಯೊಟಾ ಸುಪ್ರಾ ಕಾರಿನ ಮೂರು ಲೀಟರಿನ 2ಜೆಝಡ್ ಎಂಜಿನ್ ಜಗತ್ತಿನಾದ್ಯಂತ ಮೆಚ್ಚುಗೆ ಪಡೆದದ್ದು ಈ ಮೂರೂ ಗುಣಗಳು ಕೂಡಿಬಂದುದರಿಂದ: ಬೀಡುಕಬ್ಬಿಣ, ಮುಚ್ಚಿದ ಮೇಲ್ಭಾಗ, ಆರು ಸಿಲಿಂಡರಿಗೆ ಏಳು ಮುಖ್ಯ ಬೇರಿಂಗ್.

ಹಾಗೆಂದು ಹಳೆಯದೆಲ್ಲ ಗಟ್ಟಿಯೆಂದಲ್ಲ. ಕಣ್ಣಿಗೆ ಕಾಣದ ಬಿರುಕನ್ನು ಕಾಂತ ಮತ್ತು ಕಬ್ಬಿಣದ ಪುಡಿಯಿಂದಲೂ, ಗೋಡೆಯ ದಪ್ಪವನ್ನು ಶಬ್ದತರಂಗದ ಉಪಕರಣದಿಂದಲೂ ಪರೀಕ್ಷಿಸಬೇಕು. ಹೆಚ್ಚು ಶಕ್ತಿಯ ಆಸೆಗೆ ಸಿಲಿಂಡರನ್ನು ಅತಿಯಾಗಿ ಕೊರೆದರೆ ಗೋಡೆ ತೆಳುವಾಗಿ, ಗಟ್ಟಿ ಬ್ಲಾಕೂ ದುರ್ಬಲವಾಗುತ್ತದೆ.

ಬ್ಲಾಕಿಗೆ ಇನ್ನೊಂದು ಮಹತ್ವವೂ ಇದೆ. ನೋಂದಣಿ ಪತ್ರದಲ್ಲಿ ಬರೆದಿರುವ ಎಂಜಿನ್ ಸಂಖ್ಯೆಯನ್ನು ಕೊರೆದಿರುವುದು ಸಾಮಾನ್ಯವಾಗಿ ಈ ಬ್ಲಾಕಿನ ಮೇಲೆಯೇ. ಅದೇ ಮಾದರಿಯ ಬೇರೊಂದು ಬ್ಲಾಕ್ ಹಾಕಿದರೂ ಅದು ನೋಂದಣಿ ಪ್ರಾಧಿಕಾರದ ದಾಖಲೆಗೆ ಬರಬೇಕು. ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಹೇಳುತ್ತದೆ. ಕೇರಳದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳ ಹೈಕೋರ್ಟಿನ ತೀರ್ಪನ್ನು ರದ್ದುಗೊಳಿಸಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಮಾರ್ಪಾಡು ಮಾಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಇಲ್ಲಿ ಹೊಣೆ ಮಾಲೀಕನದು. ಮಗ ಓಡಿಸುವ ಕಾರು ತಂದೆಯ ಹೆಸರಿನಲ್ಲಿದ್ದರೆ ನೋಟಿಸು ಬರುವುದು ತಂದೆಗೆ. ಅಪಘಾತವಾದರೆ ವಿಮಾ ಕಂಪೆನಿಯೂ ತಕರಾರು ತೆಗೆಯಬಹುದು.

ಕಾನೂನಿನ ಈ ಕಟ್ಟುನಿಟ್ಟಿಗೆ ತಾಂತ್ರಿಕ ನ್ಯಾಯವೂ ಇದೆ. ಎಂಜಿನ್ನಿನ ಶಕ್ತಿ ಇಮ್ಮಡಿಯಾದರೂ ಬ್ರೇಕು, ಟಯರು, ಚಾಸಿಗಳು ಹಿಂದಿನವೇ ಆಗಿರುತ್ತವೆ. ಬ್ಲಾಕ್ ತಾಳಿಕೊಂಡೀತು, ತಿರುವಿನಲ್ಲಿ ಕಾರು ತಾಳಿಕೊಳ್ಳದು.

ಎಂಜಿನ್ನಿನ ಹುಚ್ಚು ಹಿಡಿದ ಮಕ್ಕಳನ್ನು ಗದರಿಸಿ ಸುಮ್ಮನಾಗಿಸುವುದು ಇದಕ್ಕೆ ಪರಿಹಾರವಲ್ಲ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂತಹ ಮುಚ್ಚಿದ ಪಥಗಳು ದಕ್ಷಿಣದಲ್ಲಿಯೇ ಇವೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ಕಾರುಗಳೊಂದಿಗೆ ಸ್ಪರ್ಧಿಸುವ ಕೂಟಗಳೂ ನಮ್ಮ ದೇಶದಲ್ಲಿ ನಡೆಯುತ್ತವೆ. ಎರಕ, ಶಾಖ, ಒತ್ತಡಗಳ ಪಾಠವನ್ನು ಕನ್ನಡ ಶಾಲೆಯ ವಿಜ್ಞಾನದ ತರಗತಿಯಲ್ಲಿ ಚೆನ್ನಾಗಿ ಕಲಿತ ಹುಡುಗ ಅಥವಾ ಹುಡುಗಿ ಅಲ್ಲಿಯವರೆಗೆ ಹೋಗಲು ಅಡ್ಡಿಯೇನೂ ಇಲ್ಲ. ಮನೆಯ ಕಾರಿನ ಬಾನೆಟ್ ಎತ್ತುವ ಮೊದಲು ಅದರ ನೋಂದಣಿ ಪತ್ರವನ್ನು ಒಮ್ಮೆ ಜೊತೆಗೂಡಿ ಓದಿದರೆ ಒಳಿತು.