ಫೋಟೋದೋರು ಊಟ ಮಾಡಿದ್ರಾ?

ಮದುವೆ ಮನೆಯಲ್ಲಿ ನನ್ನ ಹೆಸರು ಯಾರಿಗೂ ಬೇಕಿಲ್ಲ. ಅಲ್ಲಿ ನಾನು ಬರೀ ‘ಫೋಟೋದೋರು’. “ಫೋಟೋದೋರೇ, ಸ್ವಲ್ಪ ಸರೀರಿ, ನಮಗೇನೂ ಕಾಣ್ತಿಲ್ಲ” ಎಂದು ಮುಹೂರ್ತದ ಹೊತ್ತಿಗೆ ಹಿಂದಿನ ಸಾಲಿನವರು ಕೂಗುತ್ತಾರೆ. “ಫೋಟೋದೋರು ಊಟ ಮಾಡಿದ್ರಾ?” ಎಂದು ಮೂರನೇ ಪಂಕ್ತಿ ಏಳುವಾಗ ಹೆಣ್ಣಿನ ಚಿಕ್ಕಪ್ಪ ವಿಚಾರಿಸುತ್ತಾರೆ. ಮೊದಲನೆಯ ಮಾತು ಕಿವಿಗೆ ಬಿತ್ತೆಂದರೆ ಅವತ್ತಿನ ಕೆಲಸ ಕೆಟ್ಟಿತೆಂದೇ ಲೆಕ್ಕ. ಎರಡನೆಯದು ಬೆಳಗಿನ ತಿಂಡಿಯ ಹೊತ್ತಿಗೇ ಬಿದ್ದರೆ ಅರ್ಧ ಕೆಲಸ ಆದಂತೆ. ನಾನು ಆಗಲೇ ಮನೆಯವರ ಲೆಕ್ಕಕ್ಕೆ ಸೇರಿಕೊಂಡಿದ್ದೇನೆ ಎಂದರ್ಥ.

ಈ ಕಸುಬಿಗೆ ಬಿದ್ದದ್ದು ತಿಪಟೂರಿನಲ್ಲಿ, ಸೋದರಮಾವನ ಸ್ಟುಡಿಯೋದಲ್ಲಿ. ಎಂಬತ್ತರ ದಶಕದ ಕೊನೆ. ಗೋಡೆಗೆ ಇಳಿಬಿಟ್ಟ ಪರದೆಯ ಮೇಲೆ ಒಂದು ಕೊಳ, ಎರಡು ಹಂಸ, ಎಲ್ಲಿಗೂ ಹೋಗದ ಮೆಟ್ಟಿಲು. ಗಿರಾಕಿಗಳಿಗೆ ಬಾಚಣಿಗೆ, ಪೌಡರ್ ಡಬ್ಬಿ ಕೊಡುವುದು, ಕತ್ತಲೆ ಕೋಣೆಯಲ್ಲಿ ಹೈಪೋ ಟ್ರೇ ಅಲ್ಲಾಡಿಸುವುದು ನನ್ನ ಪಾಲಿನ ಕೆಲಸ. ಮದುವೆಗೆ ಹೊರಟರೆ ಮಾವನ ಕೊರಳಿಗೆ ಯಾಷಿಕಾ, ನನ್ನ ಹೆಗಲಿಗೆ ಫ್ಲ್ಯಾಷಿನ ಬ್ಯಾಟರಿ. 120ರ ಒಂದು ರೋಲಿಗೆ ಚೌಕಾಕಾರದ ಫೋಟೋ 12 ಮಾತ್ರ. ನಾಲ್ಕು ರೋಲು ತೆಗೆಸುವವರು ನಮ್ಮ ಕಡೆ ದೊಡ್ಡ ಕುಳಗಳು. ವರಪೂಜೆಯಿಂದ ಮನೆ ತುಂಬಿಸಿಕೊಳ್ಳುವವರೆಗಿನ ಎರಡು ದಿನದ ಸಡಗರವನ್ನು ಆ 48ರಲ್ಲಿ ಮುಗಿಸಬೇಕು. ಹಾಗಾಗಿ ಮಾವ ಯಾವುದಕ್ಕೂ ಕಾಯುವಂತಿರಲಿಲ್ಲ. “ಸ್ವಾಮಿ, ಒಂದ್ನಿಮಿಷ” ಅಂದರೆ ಪುರೋಹಿತರ ಮಂತ್ರ ನಿಲ್ಲುತ್ತಿತ್ತು, ತಾಳಿ ಹಿಡಿದ ಹುಡುಗನ ಕೈಯೂ ನಿಲ್ಲುತ್ತಿತ್ತು. ಹಳೆಯ ಆಲ್ಬಂ ತೆರೆದು, ಎಲ್ಲರೂ ಕೋಲು ನುಂಗಿದ ಹಾಗೆ ನಿಂತಿದ್ದಾರಲ್ಲ ಎಂದು ಈಗಿನ ಮಕ್ಕಳು ನಗುತ್ತಾರೆ. ಆ ಬಿಗಿತದಲ್ಲಿ ನಾಚಿಕೆ ಎಷ್ಟಿತ್ತೋ, ಫಿಲ್ಮಿನ ಬೆಲೆಯೂ ಅಷ್ಟೇ ಇತ್ತು.

ಆಮೇಲೆ ತುಮಕೂರಿನಲ್ಲಿ ಪತ್ರಿಕೆಯೊಂದಕ್ಕೆ ಆರು ವರ್ಷ ಫೋಟೋ ತೆಗೆದೆ. ಬರ, ಜಾತ್ರೆ, ಚುನಾವಣಾ ಸಭೆ. ಅಲ್ಲಿ ‘ಒಂದ್ನಿಮಿಷ’ ಎನ್ನುವಂತಿಲ್ಲ. ವೇದಿಕೆಯಲ್ಲಿ ಎಡವಿದ ಮಂತ್ರಿಗೆ ಇನ್ನೊಮ್ಮೆ ಎಡವಿ ಎನ್ನಲಾದೀತೆ? ನಮ್ಮ ವರದಿಗಾರರೊಬ್ಬರು ಹೇಳುತ್ತಿದ್ದರು: “ನಡೆದದ್ದನ್ನು ತಗೊಂಡು ಬಾ, ನಡೆಸಿದ್ದನ್ನು ತರಬೇಡ.” ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನನಗೆ ತೋರಿಸಿದ್ದೂ ಆ ವರದಿಗಾರರೇ. 1923ರಲ್ಲಿ ಹುಟ್ಟಿದ ಸತ್ಯನ್ ‘ಲೈಫ್’ನಂಥ ಪತ್ರಿಕೆಗೆ ಚಿತ್ರ ತೆಗೆದವರು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರು ತೆಗೆದ ಶಾಲೆಯ ಮಕ್ಕಳು, ರಸ್ತೆಯ ಜನ. ಒಬ್ಬರಾದರೂ ಕ್ಯಾಮೆರಾಕ್ಕೆ ಹೆದರಿದಂತೆ ಕಾಣುವುದಿಲ್ಲ. ಸತ್ಯನ್ ಎಷ್ಟು ಹೊತ್ತು ಅಲ್ಲಿ ಸುಮ್ಮನೆ ಕೂತಿದ್ದಿರಬಹುದು ಎಂಬ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು.

ಆ ಪ್ರಶ್ನೆಯನ್ನು ಹೊತ್ತೇ ಮತ್ತೆ ಮದುವೆ ಮನೆಗೆ ಬಂದೆ. ಈಗ ಮದುವೆ ಮಾತುಕತೆಯಲ್ಲಿ ‘ಕ್ಯಾಂಡಿಡ್’, ಅಂದರೆ ಪೋಸು ಕೊಡಿಸದೆ ತೆಗೆಯುವುದು, ಒಂದು ಬಾಬತ್ತು. ಟ್ರಡಿಷನಲ್ಲಿಗೆ ಒಬ್ಬರು, ಕ್ಯಾಂಡಿಡ್‌ಗೆ ಒಬ್ಬರು, ವಿಡಿಯೋ, ಡ್ರೋನು, ಎಲ್ಲಕ್ಕೂ ಬೇರೆಬೇರೆ ರೇಟು. ಈ ಪದ ಫೋಟೋಗ್ರಫಿಗೆ ಅಂಟಿಕೊಂಡದ್ದು 1930ರ ಆಸುಪಾಸಿನಲ್ಲಿ, ಎರಿಕ್ ಸಾಲೊಮನ್ ಎಂಬ ಜರ್ಮನ್ ಛಾಯಾಗ್ರಾಹಕನಿಂದ. ಕಾನೂನು ಓದಿದವನು. ಕೋರ್ಟಿನೊಳಗೆ ಟೋಪಿಯಲ್ಲಿ ಕ್ಯಾಮೆರಾ ಅಡಗಿಸಿಕೊಂಡು ಹೋಗಿ ಚಿತ್ರ ತೆಗೆದ. ಅವನ ಎರ್ಮಾನಾಕ್ಸ್ ಕ್ಯಾಮೆರಾಕ್ಕೆ ಗಾಜಿನ ಪ್ಲೇಟು ಹಾಕಬೇಕಿತ್ತು. ಆದರೆ ಅದರ ಲೆನ್ಸು ಬೆಳಕನ್ನು ಎಷ್ಟು ಧಾರಾಳವಾಗಿ ಒಳಗೆ ಬಿಡುತ್ತಿತ್ತೆಂದರೆ ಫ್ಲ್ಯಾಷಿನ ಹಂಗಿಲ್ಲದೆ ಕೋಣೆಯೊಳಗಿನ ಮನುಷ್ಯರನ್ನು ಹಿಡಿಯಬಹುದಿತ್ತು. ರಾಜತಾಂತ್ರಿಕರು ತೂಕಡಿಸುವುದನ್ನು, ಪಿಸುಗುಟ್ಟುವುದನ್ನು ಜಗತ್ತು ನೋಡಿದ್ದು ಹಾಗೆ. ಯಹೂದಿಯಾದ ಅವನನ್ನು 1944ರಲ್ಲಿ ಆಶ್‌ವಿಟ್ಸ್‌ನಲ್ಲಿ ಕೊಂದರು.

ಮದುವೆಗೆ ಈ ರೀತಿಯನ್ನು ತಂದವರಲ್ಲಿ ಅಮೆರಿಕದ ಡೆನಿಸ್ ರೆಗ್ಗಿ ಹೆಸರು ದೊಡ್ಡದು. 1996ರಲ್ಲಿ, ಅಧ್ಯಕ್ಷರಾಗಿದ್ದ ಕೆನಡಿ ಅವರ ಮಗ ಜಾರ್ಜಿಯಾದ ದ್ವೀಪವೊಂದರ ಪುಟ್ಟ ಚರ್ಚಿನಲ್ಲಿ ಗುಟ್ಟಾಗಿ ಮದುವೆಯಾದಾಗ, ಬಾಗಿಲಿನಿಂದ ಹೊರಬರುತ್ತಲೇ ಹೆಂಡತಿಯ ಕೈಗೆ ಮುತ್ತಿಟ್ಟ ಚಿತ್ರವನ್ನು ಅವರೇ ತೆಗೆದದ್ದು. ಒಂದು ಗಳಿಗೆ ತಡವಾಗಿದ್ದರೆ ಇಲ್ಲ.

ನಮ್ಮ ಕಲ್ಯಾಣಮಂಟಪದಲ್ಲಿ ಅಂಥ ಗಳಿಗೆಗೆ ಕೊರತೆಯಿಲ್ಲ, ಜಾಗಕ್ಕೆ ಮಾತ್ರ ಕೊರತೆ. ಅಂತರಪಟ ಹಿಡಿದಿರುತ್ತಾರೆ. ಈ ಕಡೆ ಹುಡುಗ, ಆ ಕಡೆ ಹುಡುಗಿ, ಇಬ್ಬರ ಮುಷ್ಟಿಯಲ್ಲೂ ಜೀರಿಗೆ ಬೆಲ್ಲ. ಪುರೋಹಿತರು ‘ಗಟ್ಟಿಮೇಳ’ ಎಂದದ್ದೇ ಓಲಗದವರು ಒಮ್ಮೆಲೇ ಎತ್ತಿಕೊಳ್ಳುತ್ತಾರೆ, ಅಕ್ಷತೆ ಬೀಳುತ್ತದೆ, ಪಟ ಸರಿಯುತ್ತದೆ. ಯಾರು ಮೊದಲು ಹಾಕುತ್ತಾರೆ ಎಂದು ಎರಡೂ ಕಡೆಯವರ ಕಣ್ಣು ಅಲ್ಲೇ. ನಾನು ಆಗ ಜೋಡಿಯ ಹಿಂದೆ, ಒಂದು ಪಕ್ಕಕ್ಕೆ, ಜನರಿಗೆ ಮುಖ ಮಾಡಿ ಕೂತಿರುತ್ತೇನೆ. ಜೀರಿಗೆ ಬೆಲ್ಲ ಬೀಳುವುದನ್ನು ನನ್ನ ಜೊತೆಗಾರ ತೆಗೆಯುತ್ತಾನೆ. ಅದು ತಪ್ಪಿದರೆ ಯಾರೂ ಕ್ಷಮಿಸುವುದಿಲ್ಲ, ಅದನ್ನು ಬಿಟ್ಟುಬಿಡುವ ಧೈರ್ಯ ನನಗೂ ಇಲ್ಲ. ನನಗೆ ಬೇಕಾದದ್ದು ಅದನ್ನು ನೋಡುವವರ ಮುಖ: ಹೆಗಲೇರಿದ ಮಗು, ಮದುವೆಯಾಗದ ಅಕ್ಕ, ಅಕ್ಷತೆ ಎಸೆಯಲು ಮರೆತು ಮುಷ್ಟಿ ಬಿಗಿಹಿಡಿದೇ ನಿಂತ ಅಪ್ಪ.

ಧಾರೆಯ ಹೊತ್ತಿಗೆ ನಾನು ಕೈಗಳನ್ನು ಮಾತ್ರ ನೋಡುತ್ತೇನೆ. ನಮ್ಮ ಸೀಮೆಯಲ್ಲಿ ಹೆತ್ತವರಾದ ಮೇಲೆ ನೆಂಟರಿಷ್ಟರೂ ಸಾಲಾಗಿ ಬಂದು ಹಾಲು ಎರೆಯುತ್ತಾರೆ. ಗದ್ದೆ ಕೆಲಸದ ಕೈ, ಬ್ಯಾಂಕಿನ ಕೈ, ಉಂಗುರ ಬಿಗಿಯಾಗಿ ಊದಿಕೊಂಡ ಬೆರಳು. ತಾಯಿ ಹಿಡಿದ ಗಿಂಡಿಯ ಮೂತಿ ನಡುಗುತ್ತಿರುತ್ತದೆ. ಆ ನಡುಕವನ್ನು ತೋರಿಸಲು ಶಟರನ್ನು ಸ್ವಲ್ಪ ನಿಧಾನ ಮಾಡಬೇಕು, ತೀರಾ ಮಾಡಿದರೆ ಬರೀ ಮಸುಕು. ಇಲ್ಲಿ ಆರಾಮಿನ ಮಾತಿಲ್ಲ, ಬೆವರು ಇಳಿಯುತ್ತಿರುತ್ತದೆ. ಹೊರಗೆ ಆರಾಮಾಗಿ ಕಾಣಿಸಿದರೆ ಸಾಕು, ಎದುರಿನವರಿಗೂ ಅದೇ ಅಂಟುತ್ತದೆ.

ಅದಕ್ಕೆಂದೇ ಹಿಂದಿನ ದಿನ, ಚಪ್ಪರ ಹಾಕುವ ಹೊತ್ತಿಗೇ ಹೋಗುತ್ತೇನೆ. ಹೋದ ಕೂಡಲೇ ಕ್ಯಾಮೆರಾ ತೆಗೆಯುವುದಿಲ್ಲ. ಮಾವಿನೆಲೆ ತೋರಣ ಕಟ್ಟಲು ದಾರ ಹಿಡಿಯುತ್ತೇನೆ, ಕಾಫಿ ಕುಡಿಯುತ್ತೇನೆ, ಯಾರು ಯಾರಿಗೆ ಏನಾಗಬೇಕು ಎಂದು ಕೇಳಿಕೊಳ್ಳುತ್ತೇನೆ. ನಾಳೆ ಅತ್ತೆ ಯಾರು, ಸೋದರತ್ತೆ ಯಾರು ಎಂಬುದು ಗೊತ್ತಿಲ್ಲದಿದ್ದರೆ ಯಾವ ಮುಖಕ್ಕೆ ಕಾಯಬೇಕೆಂದು ಹೇಗೆ ಗೊತ್ತಾಗಬೇಕು? ಮಕ್ಕಳು ಮೊದಲ ಅರ್ಧ ಗಂಟೆ ಲೆನ್ಸಿನ ಮುಂದೆ ಎರಡು ಬೆರಳು ಎತ್ತಿ ನಿಲ್ಲುತ್ತವೆ. ಅವಕ್ಕೆಲ್ಲ ಒಂದೊಂದು ಹೊಡೆದು ತೋರಿಸಿಬಿಟ್ಟರೆ ಮುಗಿಯಿತು, ಮತ್ತೆ ನನ್ನ ಕಡೆ ತಿರುಗುವುದಿಲ್ಲ. ದೊಡ್ಡವರದೂ ಅದೇ ಕಥೆ, ಅವರಿಗೆ ಎರಡು ಗಂಟೆ ಬೇಕು.

ಸಾಮಾನು ಕಡಿಮೆ. ಎರಡು ಕ್ಯಾಮೆರಾ: ಒಂದಕ್ಕೆ 35 ಮಿ.ಮೀ. ಲೆನ್ಸು, ಇನ್ನೊಂದಕ್ಕೆ 85. ಸದ್ದಿಲ್ಲದ ಶಟರು ಬಂದಮೇಲೆ ಪುರೋಹಿತರ ಸಂಕಲ್ಪದ ನಡುವೆಯೂ ತೆಗೆಯಬಹುದು. ಆದರೆ ಸೀರಿಯಲ್ ದೀಪ, ಎಲ್‌ಇಡಿ, ವಿಡಿಯೋದವರ ಲೈಟು ಎಲ್ಲ ಸೇರಿ ವಧುವಿನ ಒಂದು ಕೆನ್ನೆ ಹಳದಿ, ಇನ್ನೊಂದು ನೇರಳೆಯಾದಾಗ ಯಾವ ಕ್ಯಾಮೆರಾವೂ ಕೈ ಹಿಡಿಯುವುದಿಲ್ಲ. ನನಗೆ ಇಷ್ಟದ ಬೆಳಕು ಉಗ್ರಾಣದ ಬಾಗಿಲಲ್ಲಿ, ಅಡುಗೆಮನೆಯ ಹಿತ್ತಲಲ್ಲಿ ಇರುತ್ತದೆ. ಕುವೆಂಪು ಅವರ ಮಂತ್ರ ಮಾಂಗಲ್ಯದ ಪ್ರಕಾರ ತೋಟದ ಮನೆಯಂಗಳದಲ್ಲಿ ನಡೆದ ಒಂದು ಮದುವೆಯನ್ನು ತೆಗೆದಿದ್ದೇನೆ. ವೇದಿಕೆಯಿಲ್ಲ, ಓಲಗವಿಲ್ಲ, ಅರ್ಧ ಗಂಟೆಯ ಕೆಲಸ. ಬೆಳಕು ಮಾತ್ರ ಹಾಲು ಸುರಿದ ಹಾಗಿತ್ತು.

“ಸರ್, ಕ್ಯಾಂಡಿಡ್ ಪೋಸು ಹೇಗೆ ಕೊಡಬೇಕು ಹೇಳಿ” ಎಂದು ಕೇಳುವ ಜೋಡಿಗಳಿವೆ. ಒಬ್ಬರನ್ನೊಬ್ಬರು ನೋಡಿ ಜೋರಾಗಿ ನಗಬೇಕಂತೆ, ಗಾಳಿಗೆ ಸೆರಗು ಹಾರಬೇಕಂತೆ. ಮಾವನ ಹಂಸದ ಪರದೆಯೇ ಇದಕ್ಕಿಂತ ಮೇಲು, ಅದು ಪರದೆಯೆಂದು ಎಲ್ಲರಿಗೂ ಗೊತ್ತಿತ್ತು.

ತೆಗೆದದ್ದನ್ನೆಲ್ಲ ಕೊಡುವುದೂ ಇಲ್ಲ. ಕಾಫಿ ತಣ್ಣಗಿತ್ತೆಂದು ಬೀಗರು ಮುಖ ಊದಿಸಿಕೊಂಡದ್ದು, ಸಾಲದ ಮಾತು ಬಂದು ಅಣ್ಣತಮ್ಮಂದಿರು ಮೂಲೆಯಲ್ಲಿ ನಿಂತದ್ದು ನನ್ನಲ್ಲೇ ಅಳಿಸಿ ಹೋಗುತ್ತವೆ. ಪತ್ರಿಕೆಯಾಗಿದ್ದರೆ ಮುಖಪುಟಕ್ಕೆ ಹೋಗುತ್ತಿದ್ದ ಚಿತ್ರಗಳೂ ಅವುಗಳಲ್ಲಿ ಇದ್ದವು.

ನನ್ನ ಜಂಬ ಇಳಿಸಿದ್ದು ಒಬ್ಬ ಅಜ್ಜಿ. ಹೊಸತರಲ್ಲಿ, ಗುಂಪು ಫೋಟೋ ಎಂದರೆ ಮೂಗು ಮುರಿಯುತ್ತಿದ್ದ ಕಾಲ. ಚಿಕ್ಕನಾಯಕನಹಳ್ಳಿ ಕಡೆಯ ಮದುವೆ, ಆಲ್ಬಂ ನೋಡಿದವರೆಲ್ಲ ಹೊಗಳಿದ್ದರು. ಏಳೆಂಟು ತಿಂಗಳಾದ ಮೇಲೆ ಮದುವೆಯ ಹುಡುಗ ಅಂಗಡಿಗೆ ಬಂದ. “ಅಣ್ಣ, ನಮ್ಮಜ್ಜಿ ತೀರ್ಕೊಂಡ್ರು. ಫ್ರೇಮ್ ಹಾಕ್ಸೋಕೆ ಒಂದು ಫೋಟೋ ಬೇಕಿತ್ತು.” ಹುಡುಕಿದೆವು. ಅಜ್ಜಿ ಹನ್ನೊಂದು ಫೋಟೋಗಳಲ್ಲಿದ್ದರು. ಸೆರಗಿನಿಂದ ಬಾಯಿ ಮುಚ್ಚಿ ನಗುತ್ತಾ, ಹೋಳಿಗೆ ಮುರಿಯುತ್ತಾ, ಮೊಮ್ಮಗಳ ಜಡೆಗೆ ಹೂ ಮುಡಿಸುತ್ತಾ. ಎಲ್ಲವೂ ಚೆಂದ. ನೇರ ಮುಖದ ಒಂದೂ ಇಲ್ಲ. ಕೊನೆಗೆ ಅವರು ವೋಟರ್ ಕಾರ್ಡಿನ ಚಿತ್ರವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದರು.

ಅಂದಿನಿಂದ ಯಾವ ಮದುವೆ ಮನೆಗೆ ಹೋದರೂ, ಕಾಫಿಯಾದ ಮೇಲೆ ಮೊದಲ ಕೆಲಸ ಹಿರಿಯರದು. ಕಿಟಕಿಯ ಪಕ್ಕ ಒಂದು ಕುರ್ಚಿ ಹಾಕಿ, ಒಬ್ಬೊಬ್ಬರನ್ನೇ ಕೂರಿಸಿ, ಮಾವನ ಹಾಗೆಯೇ “ಇಲ್ಲಿ ನೋಡಿ” ಎನ್ನುತ್ತೇನೆ. ಹೋದ ಮಾಘದಲ್ಲಿ ತುರುವೇಕೆರೆಯ ಒಬ್ಬ ಅಜ್ಜಿ ಕುರ್ಚಿಯಲ್ಲಿ ಕೂತವರೇ ಕೇಳಿದರು:

“ಏನಪ್ಪಾ, ಇದು ಗೋಡೆಗೆ ಹಾಕೋಕೆ ತಾನೆ?”

ನನಗೆ ಉತ್ತರ ಹೊಳೆಯಲಿಲ್ಲ. ಅವರೇ ನಕ್ಕು, ಕನ್ನಡಕ ತೆಗೆದು ಮಡಿಲಲ್ಲಿಟ್ಟು, ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ತೆಗೆದೆ. ಮತ್ತೆ ಕನ್ನಡಕ ಹಾಕಿಕೊಂಡು, ಕ್ಯಾಮೆರಾದ ಹಿಂದಿನ ಪರದೆಗೆ ಮುಖ ತಾಗುವಷ್ಟು ಬಗ್ಗಿ ನೋಡಿದರು.

“ಓಲೆ ಕಾಣಿಸ್ತಿಲ್ಲ, ಇನ್ನೊಂದು ಹೊಡಿ.”